ಗಿಡ್ಡ ಗಂಟಲಿನ ರೈಫಲ್‌ಗೆ ಕಾಡತೂಸು ಕಟ್ಟುವುದು: .223 ರೆಮಿಂಗ್ಟನ್‌ಗೆ ಸಮಗ್ರ ಮಾರ್ಗದರ್ಶಿ

ಹಾರಿಸಿದ ಕೇಸಿಗೆ, ಅಂದರೆ ಹಿತ್ತಾಳೆಯ ಕೋಶಕ್ಕೆ, ಮತ್ತೆ ಮದ್ದು ಗುಂಡು ತುಂಬುವುದೇ ರೀಲೋಡಿಂಗ್. ಅದರ ಕೈಪಿಡಿಯಲ್ಲಿ ಕಾಡತೂಸಿಗೆ 2.260 ಇಂಚು ಎಂದು ಉದ್ದ ಕೊಟ್ಟಿದೆ. ಅಳೆದು ಅಷ್ಟಕ್ಕೇ ಗುಂಡು ಕೂರಿಸಿದ್ದೀರಿ. ಆದರೂ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಸ್ವಲ್ಪ ಬಿಗಿ. ತೆರೆದು ನೋಡಿದರೆ ಗುಂಡಿನ ಮೈಮೇಲೆ ಸುತ್ತಲೂ ಸಮ ಅಂತರದಲ್ಲಿ ಸಣ್ಣ ಚೌಕದಂಥ ಗುರುತುಗಳು. ಕೈಪಿಡಿಯೂ ಸರಿ, ವರ್ನಿಯರ್ ಕೂಡ ಸರಿ. ನಿಮ್ಮ ಚೇಂಬರಿನ, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಕುಳಿಯ, ಗಂಟಲು ಗಿಡ್ಡ, ಅಷ್ಟೆ. ಇಂಥ ರೈಫಲ್‌ಗೆ ಉದ್ದವನ್ನು ನಿರ್ಧರಿಸುವುದು ಪುಸ್ತಕವಲ್ಲ, ಆ ಚೇಂಬರು ಮತ್ತು ಆ ಒಂದು ಗುಂಡು. ಉದ್ದ ಮೊದಲು ಗೊತ್ತಾಗಬೇಕು, ಮದ್ದಿನ ತೂಕ ಆಮೇಲಿನ ಮಾತು.

ಇಲ್ಲಿ ಹೇಳುವುದೆಲ್ಲ ಬೋಲ್ಟ್ ಆ್ಯಕ್ಷನ್ .223 ರೆಮಿಂಗ್ಟನ್ ರೈಫಲ್‌ಗೆ, ಅಮೆರಿಕದ ಪದ್ಧತಿಯಂತೆ ಇಂಚು ಮತ್ತು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ 0.0648 ಗ್ರಾಂ; 7000 ಗ್ರೇನ್ ಸೇರಿದರೆ ಒಂದು ಪೌಂಡ್. ಇಂಚಿನ ಸಾವಿರದಲ್ಲೊಂದು ಭಾಗವನ್ನು ಲೇತ್ ಕೆಲಸದವರಂತೆ ‘ಥೌ’ ಎಂದೇ ಕರೆಯೋಣ. 20 ಥೌ ಎಂದರೆ ಅರ್ಧ ಮಿಲಿಮೀಟರಿಗೆ ಕೂದಲೆಳೆ ಹೆಚ್ಚು.

ಕಾನೂನಿನ ಮಾತು ಮೊದಲೇ ಮುಗಿಸೋಣ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಕಾಡತೂಸು ಕಟ್ಟಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ರಾಜ್ಯದ, ಊರಿನ ನಿಯಮಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಆ ಜಾಗದಲ್ಲಿ ನಡೆಯುವುದಿಲ್ಲ. ಕೊಡವರಿಗಿರುವ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಅದನ್ನು ಕಾಡತೂಸು ತಯಾರಿಗೆ ಎಳೆದು ಹೊಂದಿಸಬಾರದು. ಹಾಗಾಗಿ ಮುಂದಿನ ಹೆಜ್ಜೆಗಳು ಕಾನೂನು ಒಪ್ಪುವ ಜಾಗದಲ್ಲಿರುವವರಿಗೆ.

ಗಂಟಲು ಅಂದರೆ ಯಾವುದು, ಗಿಡ್ಡವಾದರೆ ಏನಾಗುತ್ತದೆ

ಕೇಸಿನ ಕುತ್ತಿಗೆ ಕೂರುವ ಜಾಗ ಮುಗಿದ ಮೇಲೆ, ನಳಿಗೆಯೊಳಗಿನ ಸುರುಳಿ ಏಣುಗಳು, ಅಂದರೆ ಲ್ಯಾಂಡ್‌ಗಳು, ಪೂರ್ಣ ಎತ್ತರಕ್ಕೆ ಏಳುವವರೆಗಿನ ಭಾಗವೇ ಗಂಟಲು. ಅದರಲ್ಲಿ ಎರಡು ತುಂಡು. ಮೊದಲನೆಯದು ಏಣುಗಳೇ ಇಲ್ಲದ ನುಣುಪಾದ ಕೊಳವೆ, ಫ್ರೀಬೋರ್. ಎರಡನೆಯದು ಏಣುಗಳು ಇಳಿಜಾರಾಗಿ ಮೇಲೇಳುವ ಭಾಗ, ಲೀಡ್. ಅಮೆರಿಕದ ಕೋವಿ ಮತ್ತು ಮದ್ದುಗುಂಡು ತಯಾರಕರ ಸಂಸ್ಥೆಯಾದ ಸ್ಯಾಮಿಯ ಮಾನದಂಡದ .223 ಚೇಂಬರಿನಲ್ಲಿ ಫ್ರೀಬೋರ್ ಬರೀ 25 ಥೌ. ಸೇನೆ ಬಳಸುವ 5.56 ನೇಟೋ ಚೇಂಬರಿನಲ್ಲಿ ಅದು ಇದರ ಎರಡು ಪಟ್ಟಿಗೂ ಹೆಚ್ಚು. ಬಿಲ್ ವೈಲ್ಡ್ ರೂಪಿಸಿದ ವೈಲ್ಡ್ ಚೇಂಬರಿನಲ್ಲೂ ಸುಮಾರು 62 ಥೌ. ಸಾಲದ್ದಕ್ಕೆ .223ರ ಲೀಡ್ ಹೆಚ್ಚು ಕಡಿದು. 55 ಗ್ರೇನ್ ಗುಂಡುಗಳ ಕಾಲದಲ್ಲಿ, 1960ರ ದಶಕದಲ್ಲಿ ರೂಪ ಪಡೆದ ಚೇಂಬರು ಇದು. 40ರಿಂದ 55 ಗ್ರೇನಿನ ಗಿಡ್ಡ ಗುಂಡು ಏಣುಗಳ ಹತ್ತಿರ ಕೂರಲು ಹೇಳಿ ಮಾಡಿಸಿದಂತಿದೆ. ತೊಂದರೆ ಶುರುವಾಗುವುದು 69, 75, 77 ಗ್ರೇನಿನ ಉದ್ದ ಗುಂಡು ಹಾಕಹೊರಟಾಗ.

ಒತ್ತಡ ಏರಲು ಇಲ್ಲಿ ಎರಡು ದಾರಿಗಳಿವೆ, ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಬರುವಂಥವು. ಗುಂಡು ಏಣಿಗೆ ಒತ್ತಿಕೊಂಡು ನಿಂತಿದ್ದರೆ ಹೊರಡುವಾಗ ಅದಕ್ಕೆ ಓಟ ಸಿಗುವುದಿಲ್ಲ. ನಿಂತಲ್ಲಿಂದಲೇ ತಾಮ್ರದ ಹೊದಿಕೆಯನ್ನು ಏಣುಗಳೊಳಗೆ ಕೊರೆದುಕೊಂಡು ನುಗ್ಗಬೇಕು. ಅಷ್ಟರಲ್ಲಿ ಹಿಂದೆ ಅನಿಲ ಕೂಡಿಬಿಟ್ಟಿರುತ್ತದೆ, ಒತ್ತಡ ಬೇಗ ಮತ್ತು ಹೆಚ್ಚು ಏರುತ್ತದೆ. ಇದನ್ನು ತಪ್ಪಿಸಲು ಗುಂಡನ್ನು ಒಳಕ್ಕೆ ತಳ್ಳಿದಿರೋ, ಗುಂಡಿನ ಬುಡ ಮದ್ದಿನ ಜಾಗವನ್ನು ಕಬಳಿಸುತ್ತದೆ. ಅದೇ ತೂಕದ ಮದ್ದು ಇಕ್ಕಟ್ಟಿನಲ್ಲಿ ಉರಿದಾಗ ಮತ್ತೆ ಒತ್ತಡ ಏರುತ್ತದೆ.

ಎರಡನೆಯದನ್ನು ಲೆಕ್ಕ ಹಾಕಿಯೇ ನೋಡಬಹುದು. ಗುಂಡಿನ ವ್ಯಾಸ 0.224 ಇಂಚು. ಅದನ್ನು 100 ಥೌ ಒಳಗೆ ತಳ್ಳಿದರೆ ಕಳೆದುಹೋಗುವ ಜಾಗ ಸರಿಸುಮಾರು ಒಂದು ಗ್ರೇನ್ ನೀರು ಹಿಡಿಯುವಷ್ಟು. .223 ಕೇಸ್ ಬಾಯಿಯವರೆಗೆ ತುಂಬಿದರೂ ಹಿಡಿಯುವುದು ಸುಮಾರು 28ರಿಂದ 29 ಗ್ರೇನ್ ನೀರು. ಅಂದರೆ ನೂರಕ್ಕೆ ಮೂರೂವರೆ ಭಾಗ ಹೋಯಿತು. .30-06ರಂಥ ದೊಡ್ಡ ಕೇಸಿನಲ್ಲಿ ಇದು ಗಮನಕ್ಕೂ ಬಾರದು. ಸಣ್ಣ ಕೇಸಿನಲ್ಲಿ ಬರುತ್ತದೆ. ಸ್ಯಾಮಿ ಈ ಕಾಡತೂಸಿಗೆ ಇಟ್ಟಿರುವ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 55,000 ಪೌಂಡ್. ಕೈಪಿಡಿಯ ಗರಿಷ್ಠ ತೂಕ ಆ ಗೆರೆಯ ಹತ್ತಿರವೇ ನಿಂತಿರುತ್ತದೆ, ಆಚೀಚೆ ಸರಿದಾಡಲು ಹೆಚ್ಚು ಜಾಗವಿಲ್ಲ.

ಇದೇ ಕಾರಣಕ್ಕೆ 5.56 ನೇಟೋ ಎಂದು ಬರೆದ ಲೋಡ್‌ಗಳನ್ನು (ಗುಂಡು, ಮದ್ದು, ಅದರ ತೂಕ ಇವುಗಳ ಜೋಡಣೆ) .223 ಚೇಂಬರಿಗೆ ತರಬೇಡಿ. ಹೊರಗಿನಿಂದ ಎರಡೂ ಕಾಡತೂಸು ಒಂದೇ ಥರ ಕಾಣುತ್ತವೆ, ಬೋಲ್ಟ್ ಕೂಡ ಮುಚ್ಚಿಕೊಳ್ಳುತ್ತದೆ. ಆದರೆ ಆ ತೂಕಗಳನ್ನು ನಿಗದಿಮಾಡಿದ್ದು ಉದ್ದ ಗಂಟಲು ಇದೆ ಎಂಬ ನಂಬಿಕೆಯ ಮೇಲೆ.

ಹೆಜ್ಜೆ 1: ನಳಿಗೆ ಓದಿ, ಗಂಟಲು ತೊಳೆಯಿರಿ

ರೈಫಲ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು ಬೋಲ್ಟ್ ಹೊರತೆಗೆಯಿರಿ. ಅಳೆಯುವ ಮೇಜಿನ ಮೇಲೆ ಜೀವಂತ ಕಾಡತೂಸು ಒಂದೂ ಇರಬಾರದು. ನಳಿಗೆಯ ಮೇಲಿನ ಮುದ್ರೆ ಓದಿ: .223 ರೆಮಿಂಗ್ಟನ್ ಎಂದಿದೆಯೋ, 5.56 ಎಂದಿದೆಯೋ, ತಿರುವು ಎಷ್ಟು. 12 ಇಂಚಿಗೆ ಒಂದು ಸುತ್ತು ತಿರುಗುವ ನಳಿಗೆ 55 ಗ್ರೇನಿನ ಗುಂಡನ್ನು ನೇರ ಹಾರಿಸುತ್ತದೆ, 77 ಗ್ರೇನಿನದನ್ನು ಹಾರಿಸುವುದಿಲ್ಲ. ಅದಕ್ಕೆ 8 ಇಂಚು ಅಥವಾ ಅದಕ್ಕಿಂತ ಬಿರುಸಾದ ತಿರುವು ಬೇಕು. ತಿರುವೇ ಒಪ್ಪದ ಗುಂಡಿಗೆ ಗಂಟಲು ಅಳೆದು ಪ್ರಯೋಜನವಿಲ್ಲ. ಮುದ್ರೆ ಇಲ್ಲದಿದ್ದರೆ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಹಾಕಿ ಒಳಗೆ ತಳ್ಳಿ, ರಾಡಿನ ಮೇಲೆ ಗುರುತು ಮಾಡಿ, ಒಂದು ಸುತ್ತು ತಿರುಗಲು ಎಷ್ಟು ಇಂಚು ಒಳಹೋಯಿತು ನೋಡಿ.

ಆಮೇಲೆ ಗಂಟಲನ್ನು ಚೆನ್ನಾಗಿ ತೊಳೆಯಿರಿ. ಕುತ್ತಿಗೆ ಮುಗಿಯುವ ಕಡೆ ಗಟ್ಟಿ ಇಂಗಾಲ ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಅದಿದ್ದರೆ ಒಳ್ಳೆಯ ಗಂಟಲೂ ಗಿಡ್ಡವಾಗಿ ಕಾಣುತ್ತದೆ. ಮೊದಲು ಚೆನ್ನಾಗಿದ್ದ ಲೋಡು ಇದ್ದಕ್ಕಿದ್ದಂತೆ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ, ಕೇಸಿನ ಬುಡದ ಪುಟ್ಟ ಬಟ್ಟಲು) ಚಪ್ಪಟೆ ಮಾಡತೊಡಗಿದರೆ ಮೊದಲ ಅನುಮಾನ ಈ ಉಂಗುರದ ಮೇಲಿರಲಿ. ಕಾರ್ಬನ್ ಸಾಲ್ವೆಂಟ್ ಹಾಕಿ ನೆನೆಯಲು ಬಿಡಿ, ಕಂಚಿನ ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆ ಎಳೆಯಿರಿ. ಬೋರ್‌ಸ್ಕೋಪ್ ಇದ್ದರೆ ನೋಡಿಯೇ ಮುಂದುವರಿಯಿರಿ.

ಹೆಜ್ಜೆ 2: ಗುಂಡು ಆರಿಸುವುದು

ಗಿಡ್ಡ ಗಂಟಲಿನಲ್ಲಿ ಗುಂಡಿನ ತೂಕಕ್ಕಿಂತ ಅದರ ಮೂತಿಯ ಆಕಾರ ಮುಖ್ಯ. ನೇರವಾದ ಮೈ ಮುಗಿದು ಮೂತಿ ಬಳುಕತೊಡಗುವ ಬಾಗಿಗೆ ಓಜೈವ್ ಎನ್ನುತ್ತಾರೆ. ಏಣಿಗೆ ತಾಗುವುದು ಗುಂಡಿನ ತುದಿಯಲ್ಲ, ಈ ಬಾಗಿನ ಮೇಲೆ ಎಲ್ಲೋ ಒಂದು ಕಡೆ. ತುದಿ ಚೂಪಾಗಿ ಬಹಳ ಮುಂದೆ ಚಾಚಿದ್ದರೂ ಬಾಗು ಹಿಂದೆಯೇ ಶುರುವಾಗಿದ್ದರೆ ಗುಂಡು ಆರಾಮಾಗಿ ಕೂರುತ್ತದೆ. ತುದಿ ಮೊಂಡಾಗಿ ನೇರ ಮೈ ಮುಂದಕ್ಕೆ ಬಂದಿದ್ದರೆ ಒಟ್ಟು ಉದ್ದ ಕಡಿಮೆ ಇದ್ದರೂ ಬೇಗ ತಾಗುತ್ತದೆ. ಹಾಗಾಗಿ ಒಂದು ಗುಂಡಿನ ಅಳತೆ ಇನ್ನೊಂದಕ್ಕೆ ನಡೆಯದು. ಕಂಪನಿ ಅದೇ, ತೂಕ ಅದೇ, ಮಾದರಿ ಬೇರೆ ಎಂದರೂ ಮತ್ತೆ ಅಳೆಯಬೇಕು.

ಸಿಯೆರಾದ 69 ಮತ್ತು 77 ಗ್ರೇನ್ ಮ್ಯಾಚ್‌ಕಿಂಗ್, ಹಾರ್ನಡಿಯ 75 ಗ್ರೇನ್ ಬಿಟಿಎಚ್‌ಪಿ ಮತ್ತು 73 ಗ್ರೇನ್ ಇಎಲ್‌ಡಿ ಮ್ಯಾಚ್ ಇವೆಲ್ಲ ಮ್ಯಾಗಜೀನ್ ಉದ್ದದಲ್ಲಿ ಕೂರುವಂಥವು. ಶುರುಮಾಡಲು ಇವೇ ಸರಿ. 80 ಗ್ರೇನಿನ ಉದ್ದ ಮೂತಿಯ ಗುಂಡುಗಳು ಒಂದೊಂದಾಗಿ ಕೈಯಿಂದ ಚೇಂಬರಿಗಿಟ್ಟು ಹಾರಿಸುವವರಿಗೆ, ಅದೂ ಉದ್ದ ಗಂಟಲಿಗೆ. ಅವನ್ನು ಈ ಚೇಂಬರಿಗೆ ತುರುಕುವ ಹಟ ಬೇಡ. ಸೀಸವಿಲ್ಲದ ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದ. ಹಾಗಾಗಿ ಕೇಸಿನೊಳಗೂ ಹೆಚ್ಚು ಇಳಿಯುತ್ತದೆ, ಲೋಡ್ ಡೇಟಾ ಅದರದೇ ಆಗಿರಬೇಕು. ಸಮಾಧಾನವೆಂದರೆ ತಾಮ್ರದ ಗುಂಡುಗಳು ಏಣಿನಿಂದ 50 ಥೌ ಅಥವಾ ಹೆಚ್ಚು ದೂರ ಇದ್ದರೂ ಚೆನ್ನಾಗಿ ಹಾರುತ್ತವೆ.

ಹೆಜ್ಜೆ 3: ಕೇಸ್ ತಯಾರಿ

ಬಿರುಕು ಬಿಟ್ಟ ಕುತ್ತಿಗೆ, ಬುಡದ ಹತ್ತಿರ ಹೊಳೆಯುವ ಉಂಗುರ, ಸಡಿಲವಾದ ಪ್ರೈಮರ್ ಕುಳಿ ಕಂಡ ಕೇಸನ್ನು ಎಸೆಯಿರಿ. ಆ ಹೊಳೆಯುವ ಉಂಗುರ ಕೇಸ್ ತುಂಡಾಗುವ ಮುನ್ಸೂಚನೆ. ಬಾಗಿಸಿದ ಪೇಪರ್ ಕ್ಲಿಪ್ ಒಳಗೆ ಹಾಕಿ ಗೋಡೆಯ ಮೇಲೆ ಎಳೆದರೆ ತೆಳುವಾದ ಕಡೆ ತುದಿ ತಗ್ಗಿಗೆ ಬಿದ್ದದ್ದು ಕೈಗೆ ಗೊತ್ತಾಗುತ್ತದೆ. ಮಿಲಿಟರಿ ಕೇಸಾದರೆ ಪ್ರೈಮರ್ ಕುಳಿಯ ಸುತ್ತ ಒತ್ತಿದ ಕ್ರಿಂಪ್ ತೆಗೆಯಬೇಕು. ಅವುಗಳಲ್ಲಿ ಹಲವಕ್ಕೆ ಗೋಡೆ ದಪ್ಪ, ಒಳಜಾಗ ಕಡಿಮೆ. ಬೇರೆ ಬೇರೆ ಮುದ್ರೆಯ ಕೇಸುಗಳನ್ನು ಕಲೆಸಬೇಡಿ.

ಲೂಬ್ ಸವರಿ ಫುಲ್ ಲೆಂಗ್ತ್ ಡೈನಲ್ಲಿ ಸೈಜ್ ಮಾಡಿ, ಅಂದರೆ ಹಿಗ್ಗಿದ ಕೇಸನ್ನು ಅಚ್ಚಿಗೆ ಒತ್ತಿ ಮತ್ತೆ ಅಳತೆಗೆ ತನ್ನಿ. ಎಷ್ಟು ಒತ್ತಬೇಕು ಎಂಬುದಕ್ಕೆ ನಿಮ್ಮದೇ ರೈಫಲ್‌ನಲ್ಲಿ ಹಾರಿಸಿದ ಕೇಸನ್ನು ಹೆಡ್‌ಸ್ಪೇಸ್ ಕಂಪಾರೇಟರಿನಲ್ಲಿ ಅಳೆಯಿರಿ. ಭುಜ (ಕುತ್ತಿಗೆಯ ಕೆಳಗಿನ ಓರೆ ಭಾಗ) ಅದಕ್ಕಿಂತ 1ರಿಂದ 2 ಥೌ ಹಿಂದೆ ಸರಿದರೆ ಬೋಲ್ಟ್ ಆ್ಯಕ್ಷನ್‌ಗೆ ಸಾಕು. ಡೈ ಪೂರ್ತಿ ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿ, ಅದರ ಮೇಲೆ ಕಾಲು ಸುತ್ತು ಎಂಬ ಸಾಮಾನ್ಯ ಸೂಚನೆ ಪಾಲಿಸಿದರೆ ಭುಜ ಬೇಕಿಲ್ಲದಷ್ಟು ಹಿಂದೆ ಹೋಗುತ್ತದೆ, ನಾಲ್ಕೈದು ಸಲದಲ್ಲೇ ಆ ಹೊಳೆಯುವ ಉಂಗುರ ಬರುತ್ತದೆ.

ಸೈಜ್ ಮಾಡಿದ ಮೇಲೆಯೇ ಉದ್ದ ಅಳೆಯಬೇಕು, ಮೊದಲಲ್ಲ. ಸೈಜಿಂಗ್ ಹಿತ್ತಾಳೆಯನ್ನು ಮುಂದಕ್ಕೆ ಹಿಗ್ಗಿಸುತ್ತದೆ. ಗರಿಷ್ಠ 1.760 ಇಂಚು, ಟ್ರಿಮ್ ಮಾಡುವುದು 1.750ಕ್ಕೆ. ಗಂಟಲು ಗಿಡ್ಡವಿದ್ದವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏಕೆಂದರೆ ಉದ್ದ ಬೆಳೆದ ಕೇಸಿನ ಬಾಯಿ ಚೇಂಬರಿನ ಕುತ್ತಿಗೆ ಮುಗಿಯುವ ಮೆಟ್ಟಿಲಿಗೆ ಗುದ್ದಿಕೊಂಡು ಒಳಕ್ಕೆ ಮಡಚಿ, ಗುಂಡನ್ನು ಇಕ್ಕಳದಲ್ಲಿ ಹಿಡಿದಂತೆ ಹಿಡಿಯುತ್ತದೆ. ಆಗ ಬರುವ ಒತ್ತಡದ ಲಕ್ಷಣಗಳು ಗುಂಡು ಏಣಿಗೆ ಒತ್ತಿದಾಗ ಬರುವ ಲಕ್ಷಣಗಳಂತೆಯೇ ಇರುತ್ತವೆ. ಜನ ಗಂಟಲನ್ನು ಬೈಯುತ್ತ ಗುಂಡನ್ನು ಇನ್ನಷ್ಟು ಒಳತಳ್ಳುತ್ತಾರೆ, ಒತ್ತಡ ಇನ್ನೂ ಏರುತ್ತದೆ. ಟ್ರಿಮ್ ಆದಮೇಲೆ ಬಾಯಿಯ ಒಳಹೊರ ಅಂಚುಗಳನ್ನು ಚೇಂಫರ್ ಮಾಡಿ, ಪ್ರೈಮರ್ ಕುಳಿ ಕೆರೆದು ಸ್ವಚ್ಛಮಾಡಿ, ಲೂಬ್ ಪೂರ್ತಿ ಒರೆಸಿ.

ಹೆಜ್ಜೆ 4: ಗಂಟಲು ಅಳೆಯುವುದು

ಇಡೀ ಕೆಲಸದ ಪ್ರಾಣ ಇಲ್ಲಿದೆ. ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಕೇಸಿನ ಬುಡದಿಂದ ಗುಂಡಿನ ತುದಿವರೆಗಿನದು ಒಟ್ಟು ಉದ್ದ. ಇದು ಮ್ಯಾಗಜೀನ್‌ಗೂ ಕೈಪಿಡಿಯೊಡನೆ ಹೋಲಿಸುವುದಕ್ಕೂ ಬೇಕು. ಬುಡದಿಂದ ಓಜೈವ್‌ವರೆಗಿನದು ಗಂಟಲಿಗೆ ಸಂಬಂಧಪಟ್ಟದ್ದು. ಇದನ್ನು ವರ್ನಿಯರಿಗೆ ಸಿಕ್ಕಿಸುವ ಬುಲೆಟ್ ಕಂಪಾರೇಟರಿನಿಂದ ಅಳೆಯಬೇಕು. ಟೊಳ್ಳು ತುದಿಯ ಮ್ಯಾಚ್ ಗುಂಡುಗಳ ತುದಿ ಒಂದೇ ಡಬ್ಬಿಯಲ್ಲೂ ಹಲವು ಥೌ ಏರುಪೇರಾಗುತ್ತದೆ. ಒಟ್ಟು ಉದ್ದವನ್ನೇ ನಂಬಿ ಕೂತರೆ ಏಣಿನ ಅಂತರ ಕುಣಿಯುತ್ತಿರುತ್ತದೆ. ಕಂಪಾರೇಟರಿನ ತೂತು ನಿಮ್ಮ ನಳಿಗೆಯ ಏಣುಗಳಷ್ಟೇ ಅಗಲ ಇರಬೇಕಿಲ್ಲ, ಆದ್ದರಿಂದ ಅದರ ಅಂಕಿ ಗೆಳೆಯರ ಅಂಕಿಯೊಡನೆ ಹೋಲಿಸಲು ಬಾರದು. ನಿಮ್ಮದೇ ಇನ್ಸರ್ಟ್ (ಆ ತೂತಿರುವ ತುಂಡು), ನಿಮ್ಮದೇ ವರ್ನಿಯರ್, ಕೊನೆಯವರೆಗೂ.

ಸುಲಭ ದಾರಿ ಹಾರ್ನಡಿಯ ಓಎಎಲ್ ಗೇಜ್, ಅಂದರೆ ಕಾಡತೂಸಿನ ಉದ್ದ ಅಳೆಯುವ ಗೇಜ್. ಬುಡ ಕೊರೆದು 5/16-36 ತಿರುಪು ಹಾಕಿದ ಕೇಸ್ ಅದರ ತುದಿಗೆ ಕೂರುತ್ತದೆ. ಗುಂಡನ್ನು ಅದರ ಬಾಯಲ್ಲಿಟ್ಟು, ಕೇಸ್ ಭುಜ ತಾಗುವವರೆಗೆ ಚೇಂಬರಿಗೆ ತಳ್ಳಿ, ಒಳಗಿನ ಕಡ್ಡಿಯಿಂದ ಗುಂಡನ್ನು ಮೆಲ್ಲಗೆ ಮುಂದೂಡಿ. ಏಣಿಗೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಕಡ್ಡಿಗೆ ಬೀಗ ಬಿಗಿದು ಹೊರತೆಗೆಯಿರಿ. ಗುಂಡು ಒಳಗೇ ಉಳಿದರೆ ನಳಿಗೆಯ ಬಾಯಿ ಕಡೆಯಿಂದ ರಾಡ್ ಹಾಕಿ ಹಗುರವಾಗಿ ತಟ್ಟಿ, ಕೇಸಿನ ಬಾಯಿಗೆ ಮರಳಿ ಕೂರಿಸಿ ಅಳೆಯಿರಿ. ಜೋರಾಗಿ ತಳ್ಳಿದರೆ ಗುಂಡು ಏಣುಗಳೊಳಗೆ ಹೂತು ಅಳತೆ 5ರಿಂದ 10 ಥೌ ಉದ್ದ ಬರುತ್ತದೆ. ಐದು ಸಲ ಅಳೆದು, ಗುಂಪಿನಿಂದ ಹೊರಗೆ ನಿಂತ ಅಂಕಿ ಬಿಟ್ಟು, ಉಳಿದವುಗಳಲ್ಲಿ ಚಿಕ್ಕದನ್ನು ಹಿಡಿಯಿರಿ. ಗೇಜಿನೊಡನೆ ಬರುವ ಕೇಸ್ ನಿಮ್ಮ ಚೇಂಬರಿನಲ್ಲಿ ಹಿಗ್ಗಿದ್ದಲ್ಲ. ಅದರ ಭುಜ ಗಿಡ್ಡವಿದ್ದರೆ ಕೇಸ್ ಇನ್ನೂ ಮುಂದೆ ಹೋಗಿ ಕೂರುತ್ತದೆ, ಅಳತೆ ಅಷ್ಟೇ ಕಡಿಮೆ ಬರುತ್ತದೆ. ತಪ್ಪು ಸುರಕ್ಷಿತ ಕಡೆಗೇ ಆದರೂ ತಪ್ಪೇ. ನಿಮ್ಮ ರೈಫಲ್‌ನಲ್ಲಿ ಹಾರಿಸಿದ ಕೇಸಿಗೆ ಲೇತ್‌ನಲ್ಲಿ ಅದೇ ತಿರುಪು ಹಾಕಿಸಿಕೊಂಡರೆ ಈ ರಗಳೆ ಇಲ್ಲ.

ಗೇಜ್ ಇಲ್ಲದವರು ಸೈಜ್ ಮಾಡಿದ ಕೇಸಿನ ಕುತ್ತಿಗೆಗೆ ಸಣ್ಣ ಗರಗಸದಿಂದ ಎದುರುಬದುರು ಎರಡು ಸೀಳು ಹಾಕಿ, ಗುಂಡನ್ನು ಉದ್ದಕ್ಕೆ ಕೂರಿಸಿ, ಬೋಲ್ಟ್ ನಿಧಾನ ಮುಚ್ಚಿ ತೆರೆಯುವ ಹಳೆಯ ಉಪಾಯ ಮಾಡಬಹುದು. ಏಣು ಗುಂಡನ್ನು ಹಿಂದೆ ತಳ್ಳಿ ನಿಲ್ಲಿಸುತ್ತದೆ. ಇಲ್ಲಿ ಒಂದು ಮೋಸವಿದೆ: ಹೊರತೆಗೆಯುವಾಗ ಏಣು ಗುಂಡನ್ನು ಹಿಡಿದು ಸ್ವಲ್ಪ ಹೊರಗೆಳೆದರೆ ಅಳತೆ ಇರುವುದಕ್ಕಿಂತ ಉದ್ದ ಬರುತ್ತದೆ, ಅದು ಅಪಾಯದ ಕಡೆಯ ತಪ್ಪು. ಗುಂಡಿನ ಮೈಗೆ ಮಾರ್ಕರ್ ಬಳಿದಿಟ್ಟರೆ ಕೇಸಿನ ಬಾಯಿ ಗೀರಿದ ಜಾಗ ಕಂಡು, ಎಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಎಲ್ಲಕ್ಕಿಂತ ನಿಖರವಾದದ್ದು ಬೋಲ್ಟನ್ನು ಬರಿದಾಗಿಸಿ ಮಾಡುವ ವಿಧಾನ. ಫೈರಿಂಗ್ ಪಿನ್, ಎಜೆಕ್ಟರ್ ಎರಡೂ ಬಿಚ್ಚಿಡಿ. ಪ್ರೈಮರ್, ಮದ್ದು ಎರಡೂ ಇಲ್ಲದ ಡಮ್ಮಿ ಕಾಡತೂಸನ್ನು ಬೇಕೆಂದೇ ಉದ್ದ ಕಟ್ಟಿ. ಬೋಲ್ಟ್ ಹಿಡಿ ತಾನಾಗಿ ಕೆಳಗೆ ಬೀಳುವುದಿಲ್ಲ. ಸೀಟಿಂಗ್ ಡೈಯಲ್ಲಿ 5 ಥೌ, ಆಮೇಲೆ 2 ಥೌ, ಕೊನೆಗೆ ಒಂದೊಂದೇ ಥೌ ಇಳಿಸುತ್ತ ಬನ್ನಿ. ಯಾವ ಅಳತೆಯಲ್ಲಿ ಹಿಡಿ ತನ್ನ ಭಾರಕ್ಕೇ ಬೀಳುತ್ತದೋ, ಮೇಲೆತ್ತುವಾಗ ಚಿಕ್ಕ ‘ಕಟ್’ ಕೂಡ ಇರುವುದಿಲ್ಲವೋ, ಅದು ತಾಗಿದಂತೆಯೂ ತಾಗದಂತೆಯೂ ಇರುವ ಬಿಂದು. ಅರ್ಧ ಗಂಟೆಯ ತಾಳ್ಮೆ ಬೇಕು, ಆದರೆ ಒಂದು ಥೌವಿನವರೆಗೂ ನಂಬಬಹುದು.

ಹೆಜ್ಜೆ 5: ಉದ್ದ ನಿರ್ಧರಿಸುವುದು

ತಾಗುವ ಬಿಂದುವಿನಿಂದ 20 ಥೌ ಹಿಂದೆ ಶುರುಮಾಡಿ. ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ: ತಾಗುವಾಗ ಬುಡದಿಂದ ಓಜೈವ್‌ಗೆ 1.862, ಒಟ್ಟು ಉದ್ದ 2.230. ಆಗ ಕಟ್ಟಬೇಕಾದದ್ದು ಓಜೈವ್‌ಗೆ 1.842, ಒಟ್ಟು 2.210. ಕೈಪಿಡಿ ಆ ಗುಂಡನ್ನು 2.260ರಲ್ಲಿ ಪರೀಕ್ಷಿಸಿದ್ದರೆ ನೀವು 50 ಥೌ ಹೆಚ್ಚು ಒಳಗಿದ್ದೀರಿ, ಅರ್ಧ ಗ್ರೇನ್ ನೀರಿನಷ್ಟು ಜಾಗ ಹೋಯಿತು.

ಈಗ ಎರಡು ಕಡೆ ಪರೀಕ್ಷಿಸಿ. ಒಂದು, ಮ್ಯಾಗಜೀನ್. ಸ್ಯಾಮಿಯ ಗರಿಷ್ಠ 2.260 ಇಂಚು, ಅಂದರೆ 57.40 ಮಿಲಿಮೀಟರ್, ಗಿಡ್ಡ ಗಂಟಲಿನವರಿಗೆ ಇದು ಸಾಮಾನ್ಯವಾಗಿ ಅಡ್ಡಿಯಾಗದು. ಎರಡು, ಕುತ್ತಿಗೆ. .223ರ ಕುತ್ತಿಗೆಯೇ ಸುಮಾರು 0.203 ಇಂಚು ಉದ್ದ. ಉದ್ದ ಗುಂಡಿನ ಬುಡ ಅದನ್ನೂ ದಾಟಿ ಭುಜದ ಕೆಳಗೆ ಇಳಿಯುತ್ತದೆ. ಬೋಟ್ ಟೇಲಿನ, ಅಂದರೆ ಬುಡದತ್ತ ಸಣ್ಣಗಾಗುವ ಬಾಲದ, ಓರೆ ಭಾಗ ಮಾತ್ರ ಕೆಳಗಿದ್ದರೆ ಚಿಂತೆಯಿಲ್ಲ. ನೇರ ಮೈ ಕೂಡ ಕೆಳಗಿಳಿದಿದ್ದರೆ ಕುತ್ತಿಗೆ ಮತ್ತು ಭುಜ ಸೇರುವಲ್ಲಿ ಹಳೆಯ ಕೇಸುಗಳಲ್ಲಿ ದಪ್ಪಗೆ ಬೆಳೆಯುವ ಹಿತ್ತಾಳೆ ಉಂಗುರ, ‘ಡೋನಟ್’, ಗುಂಡನ್ನು ಹಿಂಡಿ ಹಿಡಿಯುತ್ತದೆ. ಹಾರಿಸಿದ ಕೇಸಿನ ಬಾಯಿಗೆ ಗುಂಡು ಬಿಟ್ಟು ನೋಡಿ. ಸಲೀಸಾಗಿ ಇಳಿಯುತ್ತ ಕೆಳಗೆ ತಡೆದರೆ ಡೋನಟ್ ಇದೆ. ಒಳಗಿನಿಂದ ರೀಮ್ ಮಾಡಿಸಿ, ಇಲ್ಲವೇ ಕೇಸ್ ಬದಲಿಸಿ.

ಕಟ್ಟಿದ ಅಳತೆಯಲ್ಲಿ ಒಂದು ಡಮ್ಮಿ ಮಾಡಿ, ಗುಂಡಿಗೆ ಮಾರ್ಕರ್ ಬಳಿದು ಚೇಂಬರಿಗೆ ಹಾಕಿ ತೆಗೆಯಿರಿ. ಸುತ್ತಲೂ ಸಮ ಅಂತರದ ಗುರುತು ಬಂದರೆ ಇನ್ನೂ ತಾಗುತ್ತಿದೆ. ಒಂದೇ ಕಡೆ ಉದ್ದ ಗೀರು ಬಂದರೆ ಅದು ಒಳಗೆ ಹೋಗುವಾಗ ಉಜ್ಜಿದ್ದು, ಏಣಲ್ಲ. ಈ ಡಮ್ಮಿಗೆ ಕೇಸಿನ ಬದಿಯಲ್ಲಿ ತೂತು ಕೊರೆದು, ಗುಂಡಿನ ಹೆಸರು, ಲಾಟ್ ಸಂಖ್ಯೆ, ದಿನಾಂಕ ಬರೆದು ಡೈ ಡಬ್ಬಿಯಲ್ಲೇ ಇಡಿ.

ಹೆಜ್ಜೆ 6: ಪ್ರೈಮರ್ ಮತ್ತು ಮದ್ದು

ಇಲ್ಲಿ ತೂಕದ ಅಂಕಿ ಕೊಡುತ್ತಿಲ್ಲ, ಬೇಕೆಂದೇ. ತೂಕ ಬರಬೇಕಾದದ್ದು ಗುಂಡಿನ ಅಥವಾ ಮದ್ದಿನ ತಯಾರಕರ ಈಗಿನ ಕೈಪಿಡಿಯಿಂದ. ಅದೇ ಗುಂಡು, ಅದೇ ಮದ್ದು, ಸಾಧ್ಯವಿದ್ದಷ್ಟು ಅದೇ ಕೇಸ್ ಮತ್ತು ಪ್ರೈಮರ್ ಇರುವ ಸಾಲಿನಿಂದ. 75 ಗ್ರೇನಿನ ಒಂದು ಗುಂಡಿಗೆ ಕೊಟ್ಟದ್ದನ್ನು 75 ಗ್ರೇನಿನ ಇನ್ನೊಂದಕ್ಕೆ ಹಾಕಬಾರದು. ಆ ಸಾಲಿನ ಪಕ್ಕದಲ್ಲಿರುವ ಪರೀಕ್ಷಾ ಉದ್ದವನ್ನು ಮೊದಲು ಓದಿ. ನಿಮ್ಮ ಉದ್ದ ಅದಕ್ಕಿಂತ ಕಡಿಮೆಯಿದ್ದರೆ ಆರಂಭದ ತೂಕದಿಂದಲೇ ಹೊರಡಬೇಕು. ಅಲ್ಲಿ ಬರೆದ ಗರಿಷ್ಠ ನಿಮ್ಮ ಪಾಲಿಗೆ ಗರಿಷ್ಠವಲ್ಲ, ನೀವು ಬಹುಶಃ ಅದಕ್ಕೆ ಮೊದಲೇ ನಿಲ್ಲುತ್ತೀರಿ. ಹಾಗೆಂದು ಆರಂಭದ ತೂಕಕ್ಕಿಂತ ಕೆಳಗೂ ಹೋಗಬೇಡಿ. ಅರೆಬರೆ ಉರಿದ ಮದ್ದು ಗುಂಡನ್ನು ನಳಿಗೆಯಲ್ಲೇ ನಿಲ್ಲಿಸಬಹುದು.

ಬಳಸುವ ಪ್ರೈಮರ್ ಸ್ಮಾಲ್ ರೈಫಲ್. ಸ್ಮಾಲ್ ಪಿಸ್ತೂಲ್ ಪ್ರೈಮರ್ ಗಾತ್ರದಲ್ಲಿ ಹೊಂದಿದರೂ ಅದರ ಬಟ್ಟಲು ಈ ಒತ್ತಡಕ್ಕೆ ತೆಳು, ತೂತಾಗುತ್ತದೆ. ಪ್ರೈಮರ್ ಕೇಸಿನ ಬುಡದ ಮಟ್ಟಕ್ಕಿಂತ ಕೂದಲಷ್ಟು ಒಳಗೆ ಕೂರಬೇಕು. ಬೆರಳಾಡಿಸಿದರೆ ಎತ್ತರ ತಗಲಬಾರದು.

ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ, ಉಳಿದವು ಬೇರೆ ಕೋಣೆಯಲ್ಲಿ. ತಕ್ಕಡಿಯನ್ನು ಚೆಕ್ ವೇಟ್ ಇಟ್ಟು ಸರಿನೋಡಿ, 0.1 ಗ್ರೇನಿನೊಳಗೆ ಹೊಂದಬೇಕು. ಎಲೆಕ್ಟ್ರಾನಿಕ್ ತಕ್ಕಡಿ ಫ್ಯಾನಿನ ಗಾಳಿಗೆ, ಹತ್ತಿರದ ಮೊಬೈಲಿಗೆ ಕದಲುತ್ತದೆ. ಹತ್ತು ಕೇಸಿಗೊಮ್ಮೆ ಸೊನ್ನೆ ನೋಡಿಕೊಳ್ಳಿ. ಎಲ್ಲ ಕೇಸು ತುಂಬಿದ ಮೇಲೆ, ಗುಂಡು ಕೂರಿಸುವ ಮೊದಲು, ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ಇಣುಕಿ. ಮಟ್ಟ ಒಂದೇ ಸಮ ಇರಬೇಕು. .223ರಲ್ಲಿ ಸಾಮಾನ್ಯ ರೈಫಲ್ ಮದ್ದು ಎರಡು ಸಲ ಬಿದ್ದರೆ ಹೊರಗೆ ಚೆಲ್ಲಿ ತಾನೇ ಹೇಳುತ್ತದೆ. ಖಾಲಿ ಉಳಿದ ಕೇಸು, ತಪ್ಪಿ ಬಂದ ಪಿಸ್ತೂಲ್ ಮದ್ದು ಹಾಗೆ ಹೇಳುವುದಿಲ್ಲ.

ಉದ್ದ ಗುಂಡು ಆಳಕ್ಕೆ ಇಳಿಯುವುದರಿಂದ ಕೆಲವು ಮದ್ದುಗಳು ಅದರ ಬುಡಕ್ಕೆ ಒತ್ತಿ ಅದುಮಿಕೊಳ್ಳುತ್ತವೆ. ಕೈಪಿಡಿ ಆ ಲೋಡನ್ನು ಅದುಮಿದ ಲೋಡು ಎಂದು ಗುರುತಿಸಿದ್ದರೆ ಸರಿ. ಇಲ್ಲದಿದ್ದರೆ ಕಾಳು ಸಣ್ಣದಿರುವ, ಕಡಿಮೆ ಜಾಗ ಹಿಡಿಯುವ ಬೇರೆ ಮದ್ದು ಆರಿಸಿ. ಅದುಮಿದ ಮದ್ದು ರಾತ್ರಿ ಕಳೆಯುವಷ್ಟರಲ್ಲಿ ಗುಂಡನ್ನು ಹಲವು ಥೌ ಹೊರತಳ್ಳಬಹುದು. ನೀವು ಬಿಟ್ಟ 20 ಥೌ ಅಂತರ ಹಾಗೇ ಕರಗುತ್ತದೆ. ಮರುದಿನ ಮತ್ತೆ ಅಳೆಯಿರಿ.

ಹೆಜ್ಜೆ 7: ಗುಂಡು ಕೂರಿಸುವುದು

ಸೀಟಿಂಗ್ ಡೈ ಕೇಸಿಗೆ ತಾಗುವವರೆಗೆ ಇಳಿಸಿ, ಒಂದು ಪೂರ್ತಿ ಸುತ್ತು ಮೇಲಕ್ಕೆ ತಿರುಗಿಸಿ ಬೀಗ ಹಾಕಿ. ಹಾಗೆ ಮಾಡಿದರೆ ಡೈ ಒಳಗಿನ ಕ್ರಿಂಪ್ (ಕೇಸಿನ ಬಾಯನ್ನು ಗುಂಡಿಗೆ ಒತ್ತುವ ಭಾಗ) ಕೆಲಸಕ್ಕೆ ಬರುವುದಿಲ್ಲ. ಬೋಲ್ಟ್ ಆ್ಯಕ್ಷನ್‌ಗೆ ಕ್ರಿಂಪ್ ಬೇಡ, 2 ಥೌ ಕುತ್ತಿಗೆ ಬಿಗಿ ಸಾಕು. ಸೀಟಿಂಗ್ ಸ್ಟೆಮ್ ಗುಂಡಿನ ಬಾಗಿಗೆ ಕೂರಬೇಕು. ಉದ್ದ ಮೂತಿಯ ಗುಂಡಿನ ತುದಿ ಸ್ಟೆಮ್ಮಿನ ತಳಕ್ಕೆ ತಾಗಿದರೆ ಪ್ರತಿ ಕಾಡತೂಸೂ ಒಂದೊಂದು ಉದ್ದ ಬರುತ್ತದೆ, ಮೂತಿಯ ಮೇಲೆ ಉಂಗುರವೂ ಮೂಡುತ್ತದೆ. ತಯಾರಕರಿಂದ ಆಳದ ಸ್ಟೆಮ್ ತರಿಸಿಕೊಳ್ಳಿ.

ಮೊದಲನೆಯದನ್ನು 20 ಥೌ ಉದ್ದವೇ ಬಿಟ್ಟು ಕೂರಿಸಿ, ಅಳೆದು, ಬೇಕಾದಷ್ಟು ಇಳಿಸಿ. ಆಳಕ್ಕೆ ಹೋದದ್ದನ್ನು ಹೊರಗೆಳೆಯುವುದಕ್ಕಿಂತ ಇದು ಸುಲಭ. ಮೊದಲ ಐದನ್ನೂ ಆಮೇಲೆ ಐದಕ್ಕೊಂದನ್ನೂ ಕಂಪಾರೇಟರಿನಿಂದ ಅಳೆಯಿರಿ. 2 ಥೌ ಒಳಗೆ ನಿಂತರೆ ಕೆಲಸ ಚೆನ್ನಾಗಿದೆ. ಹೊಸ ಲಾಟಿನ ಗುಂಡು ಬಂದಾಗ ಮೈಕ್ರೋಮೀಟರ್ ಡೈ ಅಂಕಿ ನಂಬಿ ಕೂರಬೇಡಿ, ಬಾಗು ಸ್ವಲ್ಪ ಸರಿದಿರುತ್ತದೆ.

ಹೆಜ್ಜೆ 8: ಹಾರಿಸಿ ಓದುವುದು

ಆರಂಭದ ತೂಕದಲ್ಲಿ ಮೂರು, ಆಮೇಲೆ 0.2 ಅಥವಾ 0.3 ಗ್ರೇನ್ ಏರಿಸಿ ಮೂರು, ಹೀಗೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಈ ಕೆಲಸಕ್ಕೆ ಇಳಿಯದಿರುವುದೇ ಮೇಲು. ನಳಿಗೆಯ ಉದ್ದದ ವ್ಯತ್ಯಾಸ ಹಿಡಿದ ಮೇಲೂ, ಕೈಪಿಡಿಯ ಗರಿಷ್ಠ ವೇಗ ನಿಮಗೆ ಕಡಿಮೆ ತೂಕದಲ್ಲೇ ಬಂದರೆ ಗರಿಷ್ಠ ಒತ್ತಡವೂ ಬಂದಿದೆ ಎಂದೇ ತಿಳಿಯಬೇಕು. ವೇಗ ಬಿಟ್ಟಿ ಬರುವುದಿಲ್ಲ. ಎತ್ತಲು ಬಿಗಿಯಾದ ಬೋಲ್ಟ್, ಕೇಸಿನ ಬುಡದಲ್ಲಿ ಎಜೆಕ್ಟರ್ ತೂತಿನ ಹೊಳೆಯುವ ಅಚ್ಚು, ಅಂಚು ಉಳಿಯದಂತೆ ಹರಡಿದ ಪ್ರೈಮರ್, ಪಿನ್ ಗುರುತಿನ ಸುತ್ತ ಎದ್ದ ದಿಣ್ಣೆ, ಮುಂದಿನ ಸಲ ಪ್ರೈಮರ್ ಸಡಿಲವಾಗಿ ಕೂರುವುದು: ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ, ಹಿಂದಿನ ತೂಕಕ್ಕಿಂತಲೂ ಕೆಳಗೆ ಬನ್ನಿ, ಉಳಿದ ಕಾಡತೂಸುಗಳನ್ನು ಮನೆಗೆ ತಂದು ಗುಂಡು ಕೀಳಿ. ಇವೆಲ್ಲ ತಡವಾಗಿ ಕಾಣುವ ಲಕ್ಷಣಗಳು ಎಂಬುದೂ ನೆನಪಿರಲಿ. ಬೋಲ್ಟ್ ಬಿಗಿಯುವ ಹೊತ್ತಿಗೆ 55,000 ಹಿಂದೆ ಬಿದ್ದಿರುತ್ತದೆ.

ಚಳಿಗಾಲದಲ್ಲಿ ಸಿದ್ಧಪಡಿಸಿದ ಲೋಡನ್ನು ಬೇಸಿಗೆಯಲ್ಲಿ ಕಣ್ಣುಮುಚ್ಚಿ ಹಾರಿಸಬೇಡಿ. ಬಿಸಿಲಿನ ಮೇಜಿನ ಮೇಲಿಟ್ಟ, ಕಾದ ಚೇಂಬರಿನಲ್ಲಿ ಎರಡು ನಿಮಿಷ ಕೂತ ಕಾಡತೂಸು ಬೇರೆಯೇ ಕಾಡತೂಸು.

ತೂಕ ನಿಂತ ಮೇಲೆ ಗುಂಪು, ಅಂದರೆ ಗುರಿಹಲಗೆಯ ಮೇಲಿನ ತೂತುಗಳ ಹರವು, ಬಿಗಿಮಾಡುವ ಆಟ. ಏಣಿಗೆ ಹತ್ತಿರವಿದ್ದಷ್ಟೂ ನಿಖರ ಎಂಬ ಮಾತು ಎಲ್ಲ ಗುಂಡಿಗೂ ಹೊಂದದು. 20, 40, 60 ಥೌ ಅಂತರದಲ್ಲಿ ಐದೈದು ಹಾರಿಸಿ, ಚೆನ್ನಾಗಿ ಬಂದ ಜಾಗದ ಆಚೀಚೆ 5 ಥೌ ಸರಿಸಿ ನೋಡಿ. 40, 60ರ ಕಡೆ ಹೋಗುವಾಗ ಗುಂಡು ಇನ್ನಷ್ಟು ಒಳಗಿಳಿಯುತ್ತದೆ, ಆದ್ದರಿಂದ ಈ ಪರೀಕ್ಷೆ ಗರಿಷ್ಠಕ್ಕಿಂತ ಸಾಕಷ್ಟು ಕೆಳಗಿನ ತೂಕದಲ್ಲೇ ನಡೆಯಲಿ.

ಸಿಕ್ಕಿಕೊಂಡಾಗ

ಗುಂಡು ಏಣಿಗೆ ಕಚ್ಚಿಕೊಂಡ ಕಾಡತೂಸನ್ನು ಹಾರಿಸದೆ ಹೊರತೆಗೆದರೆ ಕೇಸ್ ಮಾತ್ರ ಬಂದು, ಗುಂಡು ಗಂಟಲಲ್ಲೇ ಉಳಿದು, ಮದ್ದು ಆ್ಯಕ್ಷನ್ ತುಂಬ ಚೆಲ್ಲುತ್ತದೆ. ಬೇಟೆಯ ಸಂಜೆ ರೈಫಲ್ ಖಾಲಿ ಮಾಡುವವರಿಗೆ ಇದು ನಿಜವಾದ ತಲೆನೋವು. ಖಾಲಿ ಮಾಡುವಾಗ ನಳಿಗೆಯ ಬಾಯಿ ಸುರಕ್ಷಿತವಾಗಿ ಮೇಲಕ್ಕಿರಲಿ, ಬೋಲ್ಟ್ ನಿಧಾನ ಎಳೆಯಿರಿ; ಮದ್ದು ಕೇಸಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಕೇಸ್ ಹೊರಬಂದು ಗುಂಡು ಮಾತ್ರ ಉಳಿದಿದ್ದರೆ ಬೋಲ್ಟ್ ತೆಗೆದು, ಮದ್ದು ಒರೆಸಿ, ಬಾಯಿ ಕಡೆಯಿಂದ ಗಟ್ಟಿ ರಾಡಿನಿಂದ ತಟ್ಟಿ ಹೊರಡಿಸಿ. ಜೀವಂತ ಕಾಡತೂಸೇ ಒಳಗೆ ಸಿಕ್ಕಿ ಬೋಲ್ಟ್ ತೆರೆಯದಿದ್ದರೆ ಬಾಯಿಯಿಂದ ರಾಡ್ ಹಾಕಲೇಬೇಡಿ. ಏನಾಗಿದೆ ಎಂದು ಮೊದಲೇ ತಿಳಿಸಿ, ಅದನ್ನು ಗನ್‌ಸ್ಮಿತ್ ಕೈಗೆ ಒಪ್ಪಿಸಬೇಕು.

ಗಂಟಲನ್ನೇ ಉದ್ದ ಮಾಡಿಸುವುದು

ಥ್ರೋಟಿಂಗ್ ರೀಮರ್ ಇರುವ ಗನ್‌ಸ್ಮಿತ್ ಫ್ರೀಬೋರನ್ನು ಬೇಕಾದಷ್ಟು ಥೌ ಮುಂದಕ್ಕೆ ಕೊರೆದುಕೊಡುತ್ತಾರೆ. 75 ಗ್ರೇನಿಗಿಂತ ಮೇಲಿನ ಗುಂಡನ್ನೇ ಸದಾ ಹಾರಿಸುವವರಿಗೆ ಇದು ಒಳ್ಳೆಯ ಖರ್ಚು. ಹೋಗುವಾಗ ಬೇಕಾದ ಉದ್ದದ ಡಮ್ಮಿ ಕಾಡತೂಸು ಕೊಂಡೊಯ್ಯಿರಿ, ಅಂಕಿ ಬರೆದ ಚೀಟಿಗಿಂತ ಅದು ಮೇಲು. ಆದರೆ ಕೊರೆದದ್ದನ್ನು ತುಂಬಲಾಗದು: ಆಮೇಲೆ 50 ಗ್ರೇನಿನ ಗಿಡ್ಡ ಗುಂಡು ಏಣನ್ನು ಮುಟ್ಟಬೇಕೆಂದರೆ ಕುತ್ತಿಗೆಯಿಂದಲೇ ಹೊರಬಿದ್ದಿರುತ್ತದೆ. ಎರಡೂ ಥರದ ಗುಂಡು ಬೇಕಿದ್ದವರು ಇರುವ ಗಂಟಲಿನಲ್ಲೇ 69 ಗ್ರೇನಿಗೆ ಒಪ್ಪಿಕೊಳ್ಳುವುದು ಜಾಣತನ ಎಂದು ನಮ್ಮ ಅಭಿಪ್ರಾಯ.

ಏನೂ ಮಾಡಿಸದಿದ್ದರೂ ಗಂಟಲು ತಾನಾಗಿ ಬೆಳೆಯುತ್ತದೆ, ಬಿಸಿ ಅನಿಲ ಏಣಿನ ಮೂತಿಯನ್ನು ತಿನ್ನುತ್ತ ಹೋಗುತ್ತದೆ. 500 ಸುತ್ತಿಗೊಮ್ಮೆ, ಅದೇ ಇನ್ಸರ್ಟ್ ಬಳಸಿ, ಮೊದಲ ದಿನ ಅಳೆದ ಅದೇ ಗುಂಡನ್ನಿಟ್ಟು ಮತ್ತೆ ಅಳೆಯಿರಿ. ಆ ಒಂದು ಗುಂಡನ್ನು ಹಾರಿಸದೆ, ಹೆಸರು ಬರೆದು, ಡಮ್ಮಿಯ ಪಕ್ಕದಲ್ಲೇ ಎತ್ತಿಡಬೇಕು.